ಕುಲುಮೆಯ ಚಾಕು: ಅಲಗಿಗೆ ಪೂರ್ತಿ ಅಂಕ, ಹಿಡಿಗೆ ಸೊನ್ನೆ

ಹಿಡಿಯಿಂದಲೇ ಶುರು ಮಾಡುತ್ತೇನೆ. ನನ್ನ ತಲೆ ತಿಂದಿದ್ದು ಅದೇ.

ಸಕಲೇಶಪುರದ ಕಡೆಯ ಒಂದು ಕುಲುಮೆಯಲ್ಲಿ ಹೇಳಿ ಮಾಡಿಸಿದ ಅಡುಗೆ ಚಾಕು ಇದು. ಮಲೆನಾಡಿನ ಮಳೆಗಾಲಗಳನ್ನು ಕಂಡಿದೆ. ಅಲಗು ಇವತ್ತಿಗೂ ಸೊಗಸಾಗಿದೆ. ಹಿಡಿ ಮಾತ್ರ ಮೊದಲ ಬೇಸಿಗೆಯಲ್ಲೇ ಲೊಟಲೊಟ ಅನ್ನತೊಡಗಿತು. ಕುಂಬಳಕಾಯಿ ಹೆಚ್ಚುವಾಗ ಅಲಗು ಒಂದು ಕಡೆ, ಕೈ ಒಂದು ಕಡೆ. ಚಾಕುವಿನಲ್ಲಿ ಇದು ಸಣ್ಣ ದೋಷ ಅಲ್ಲ, ಅಲ್ವಾ?

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಅಂಗಡಿಯ ಸ್ಟೀಲ್ ಚಾಕು ಇನ್ನೂರಕ್ಕೆ ಸಿಗುತ್ತದೆ, ಬೇಗ ಮೊಂಡಾಗುತ್ತದೆ. ಹೊರದೇಶದ ಚಾಕುಗಳ ಬೆಲೆ ನೋಡಿದರೆ ಅದರಲ್ಲಿ ಒಂದು ಮಿಕ್ಸಿ ಬರುತ್ತದೆ. ಸಾವಿರದೊಳಗೆ ಮುಗಿಯಬೇಕು ಅನ್ನುವುದು ನನ್ನ ಲೆಕ್ಕ. ಕುಲುಮೆಯ ಆಚಾರ್ರು ಆರುನೂರು ಹೇಳಿದರು. ಚೌಕಾಸಿ ಮಾಡಲಿಲ್ಲ, ಮಾಡುವ ಹಾಗೂ ಇರಲಿಲ್ಲ ಬಿಡಿ.

ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ಅಲಗು. ನಮ್ಮ ಕಡೆ ಕತ್ತಿ, ಮಚ್ಚು ಎಲ್ಲಾ ಅದರಲ್ಲೇ. ಈ ಉಕ್ಕಿನಲ್ಲಿ ಇಂಗಾಲ ಶೇಕಡಾ 0.5ರಿಂದ 0.6ರಷ್ಟು ಇರುತ್ತದೆ. ಹದ ಹಿಡಿಯಲು, ಅಂದರೆ ಕಾಯಿಸಿ ಅದ್ದಿದಾಗ ಗಟ್ಟಿಯಾಗಲು, ಅಷ್ಟು ಸಾಕು, ಏಟು ತಡೆಯುವ ಗುಣವೂ ಉಳಿಯುತ್ತದೆ. ಕುಲುಮೆಯೊಳಗೆ ಯಾಕಿಷ್ಟು ಕತ್ತಲು ಅಂತ ಕೇಳಿದ್ದಕ್ಕೆ ಆಚಾರ್ರು ನಕ್ಕರು. ಕಬ್ಬಿಣ ಎಷ್ಟು ಕಾದಿದೆ ಅಂತ ಬಣ್ಣ ನೋಡಿಯೇ ಹೇಳಬೇಕು, ಬಿಸಿಲಿದ್ದರೆ ಆ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದಂತೆ. ಕಾದ ಅಲಗಿನ ಹತ್ತಿರ ಸ್ಪೀಕರಿನಿಂದ ಕಿತ್ತ ಮ್ಯಾಗ್ನೆಟ್ ಹಿಡಿದು ತೋರಿಸಿದರು. ಸುಮಾರು 770 ಡಿಗ್ರಿ ದಾಟಿದ ಕಬ್ಬಿಣವನ್ನು ಮ್ಯಾಗ್ನೆಟ್ ಎಳೆಯುವುದಿಲ್ಲ. ಅದಕ್ಕಿಂತ ಸ್ವಲ್ಪ ಮೇಲೆ ಕಾಯಿಸಿ ಸೀದಾ ಎಣ್ಣೆಗೆ. ನೀರಿಗೆ ಅದ್ದಿದರೆ ಇಂಥ ಉಕ್ಕು ಸೀಳುವ ಭಯ ಜಾಸ್ತಿ. ಆಮೇಲೆ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಇನ್ನೂರು ಚಿಲ್ಲರೆ ಡಿಗ್ರಿಗೆ ನಿಧಾನವಾಗಿ ಕಾಯಿಸುತ್ತಾರೆ. ಒಣಹುಲ್ಲಿನ ಹಳದಿ ಬಣ್ಣ ಬಂದಾಗ ನಿಲ್ಲಿಸಬೇಕು. ಇದನ್ನು ಬಿಟ್ಟರೆ ಚಾಕು ಕೆಳಗೆ ಬಿದ್ದಾಗ ಗಾಜಿನ ಹಾಗೆ ಮುರಿಯುತ್ತದೆ.

ಬಳಕೆಯ ಸುಖ ಹೇಳಬೇಕೆಂದರೆ ಬಾಳೆದಿಂಡಿನಿಂದ ಹೇಳಬೇಕು. ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವಾಗ ನಾರು ಹರಿದು ಬರುವುದಿಲ್ಲ, ಕಡಿದು ಬೀಳುತ್ತದೆ. ಬೆರಳಿಗೆ ನೂಲು ಸುತ್ತಿಕೊಳ್ಳುವ ಕೆಲಸ ಅರ್ಧ ಕಮ್ಮಿ. ಕಳಲೆ, ಎಳೇ ಹಲಸು, ಕೆಸುವಿನ ದಂಟು, ಯಾವುದಕ್ಕೂ ಕೈ ಒತ್ತುವುದೇ ಬೇಡ. ಬಾಳೆಕಾಯಿ ಹೆಚ್ಚಿದ ದಿನ ಅಲಗು ನೀಲಿ ಕಪ್ಪಗಾಯಿತು, ಕಾಯಿಯ ಒಗರು ಕಬ್ಬಿಣಕ್ಕೆ ತಾಗಿ. ಶುರುವಿನಲ್ಲಿ ಈರುಳ್ಳಿಯೂ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಅಮ್ಮ ತಮ್ಮ ಈಳಿಗೆ ಮಣೆಯ ಮೇಲಿಂದಲೇ ನೋಡಿ, "ಇದರಲ್ಲಿ ಹೆಚ್ಚಿದ್ದು ನಾನು ತಿನ್ನಲ್ಲಪ್ಪ" ಅಂದರು. ಅಲಗಿನ ಮೇಲೆ ಕಪ್ಪು ಪದರ ಪೂರ್ತಿ ಕೂತ ಮೇಲೆ ಆ ತೊಂದರೆ ಹೋಯಿತು. ಈಗ ನಿಂಬೆಹಣ್ಣು ಕೊಯ್ಯಲು ಅವರೇ ಈ ಚಾಕು ಕೇಳುತ್ತಾರೆ.

ರಾತ್ರಿ ಅಡುಗೆಮನೆ ಮುಚ್ಚುವ ಮುಂಚೆ ಇದನ್ನು ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಗೋಡೆಯ ಮೊಳೆಗೆ ನೇತು ಹಾಕುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆಯ ಪಕ್ಕದ ಮೊಳೆ, ಉಳಿದ ದಿನ ಕಿಟಕಿ ಪಕ್ಕದ್ದು. ಮಳೆಗಾಲದಲ್ಲಿ ಒದ್ದೆ ಬಿಟ್ಟರೆ ಬೆಳಗ್ಗೆ ಕೆಂಪು ಚುಕ್ಕಿ ಗ್ಯಾರಂಟಿ. ಭಾನುವಾರ ಹಾಸನದಿಂದ ತಂದ ಎರಡು ಮುಖದ ಮಸೆಗಲ್ಲು ಹೊರಗೆ ಬರುತ್ತದೆ. ಜಗಲಿಯ ಮೇಲೆ ಕೂತು, ಕಲ್ಲಿಗೆ ನೀರು ಚಿಮುಕಿಸಿ, ಅಲಗನ್ನು ಕೊಂಚವೇ ಎತ್ತಿ ಹಿಡಿದು ತಳ್ಳಬೇಕು. ಆಚೆ ಬದಿಗೆ ಬೆರಳಿಗೆ ತರಿ ಸಿಕ್ಕಿದ ಮೇಲೆ ಮಗುಚುವುದು. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆ ಎಳೆದರೆ ಮುಗಿಯಿತು. ಈ ಹೊತ್ತಿನಲ್ಲಿ ಮನೆಯವರು ಯಾರೂ ನನಗೆ ಕೆಲಸ ಹೇಳುವುದಿಲ್ಲ. ಇದನ್ನೂ ಲಾಭದ ಲೆಕ್ಕಕ್ಕೇ ಹಾಕಿದ್ದೇನೆ.

ಈಗ ಹಿಡಿಗೆ ಬರೋಣ. ಕಾಫಿ ಗಿಡದ ಬೊಡ್ಡೆಯಿಂದ ಮಾಡಿದ ಹಿಡಿ, ನೋಡಲು ಬಹಳ ಚೆಂದ. ಅಲಗಿನ ಹಿಂದಿನ ಬಾಲವನ್ನು ಅದರೊಳಗೆ ಇಳಿಸಿ, ಅರಗು ತುಂಬಿ, ಬಾಯಿಗೆ ಕಬ್ಬಿಣದ ಬಳೆ ಹಾಕಿದ್ದರು. ಅಲುಗಾಡುತ್ತದೆ ಅಂತ ತೆಗೆದುಕೊಂಡು ಹೋದಾಗ ಬಳೆಗೆ ಬಡಿದು, ಅರಗು ಸುರಿದು ಕೊಟ್ಟರು. ಮತ್ತೆ ಅದೇ ಕಥೆ. ಇನ್ನೊಂದು ಸಲ ಹೋದೆ, ಇನ್ನೊಂದು ಸಲ ಅರಗು. ಹೋಗಿ ಬರುವ ಪೆಟ್ರೋಲಿಗೆ ಅಂಗಡಿ ಚಾಕು ಬರುತ್ತಿತ್ತು. "ನಮ್ಮಪ್ಪನ ಕಾಲದಿಂದ ಕತ್ತಿಗೆ ಹೀಗೇ ಹಾಕ್ತಿರೋದು ಸಾರ್, ಯಾರೂ ವಾಪಸ್ ತಂದಿಲ್ಲ" ಅಂದರು ಆಚಾರ್ರು. ಆ ಮಾತಿಗೆ ನನಗೆ ಸಿಟ್ಟೇ ಬಂತು. ವಾಪಸ್ ತಂದವನು ಎದುರಿಗೇ ನಿಂತಿದ್ದೇನಲ್ಲ!

ಅವತ್ತು ಅವರ ಭಾವ ಅಲ್ಲಿದ್ದರು. ಮರಗೆಲಸದವರು, ಉಳಿಗಳಿಗೆ ಹದ ಹಾಕಿಸಲು ಬಂದಿದ್ದರು. ಚಾಕು ತಿರುಗಿಸಿ ನೋಡಿ ಒಂದೇ ಮಾತು ಕೇಳಿದರು: "ಕತ್ತೀನ ಯಾರಾದ್ರೂ ಬಿಸಿನೀರಲ್ಲಿ ತೊಳೀತಾರೇನೋ?"

ರೋಗ ಅಲ್ಲೇ ಇತ್ತು. ಅರಗು 70 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ನಾಟಿ ಕೋಳಿಯ ಜಿಡ್ಡು ತೊಳೆಯಲು ಯಾವ ಮನೆಯಲ್ಲಿ ಬಿಸಿನೀರು ಹಾಕುವುದಿಲ್ಲ? ಜೊತೆಗೆ ಮರವೂ ಪೂರ್ತಿ ಒಣಗಿರಲಿಲ್ಲ. ಮಳೆಗಾಲದಲ್ಲಿ ಉಬ್ಬಿ ಬಳೆಯೊಳಗೆ ನಜ್ಜಾಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಳೆ ಸಡಿಲವಾಗುತ್ತದೆ. ಮರಗಸಿಗೆ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರಲು, ಹೋಗುವ ಕತ್ತಿಗೆ ಇದು ತೊಂದರೆಯೇ ಅಲ್ಲ. ಅದು ಬಿಸಿನೀರು ಕಾಣುವುದಿಲ್ಲ, ಹಿಡಿ ಹೋದರೆ ತೋಟದಲ್ಲೇ ಇನ್ನೊಂದು ಕೆತ್ತಿ ಹಾಕಿಕೊಳ್ಳುತ್ತಾರೆ. ಅಡುಗೆಮನೆಗೆ ಆ ಪದ್ಧತಿ ಒಗ್ಗುವುದಿಲ್ಲ.

ಭಾವ ಹೇಳಿದ್ದು ಇಷ್ಟು. ಮರ ಒಂದಿಂಚು ದಪ್ಪ ಇದ್ದರೆ ಒಂದು ವರ್ಷ ನೆರಳಲ್ಲಿ ಒಣಗಬೇಕು. ಹಿಡಿಯ ಎರಡೂ ತುದಿಗೆ ಮೇಣ ತುಂಬಬೇಕು, ಮರ ನೀರು ಕುಡಿಯುವುದು ಅಲ್ಲಿಂದಲೇ. ಅರಗಿನ ಬದಲು ಅರಾಲ್ಡೈಟ್ ಅಂಟು ಹಾಕಿ, ಅಡ್ಡಕ್ಕೆ ಒಂದು ಹಿತ್ತಾಳೆ ಕಡ್ಡಿ ಬಡಿಯಬೇಕು. ಗಟ್ಟಿ ಉಕ್ಕಿಗೆ ತೂತು ಎಲ್ಲಿಂದ ಕೊರೆಯುವುದು ಅಂತ ನಾನು ಬಾಯಿ ಹಾಕಿದೆ. ಬಾಲಕ್ಕೆ ಹದ ಕೊಟ್ಟೇ ಇರುವುದಿಲ್ಲ, ಡ್ರಿಲ್ ಸುಲಭವಾಗಿ ಇಳಿಯುತ್ತದೆ ಅಂತ ಈ ಸಲ ಆಚಾರ್ರೇ ಹೇಳಿದರು. ಮುಖ ಸ್ವಲ್ಪ ಸಡಿಲವಾಗಿತ್ತು. ತೂತು ಅವರು ಕೊರೆದರು, ತಮ್ಮಲ್ಲಿದ್ದ ಒಣಮರದ ಹಿಡಿ ಭಾವ ಕೂರಿಸಿದರು. ಕೂಲಿ ಇಬ್ಬರೂ ಕೇಳಲಿಲ್ಲ. ಭಾವನ ಉಳಿಗಳು ಮೂಲೆ ಸಿಡಿಯುತ್ತಿದ್ದವಂತೆ. ಆಚಾರ್ರು ಅವನ್ನು ಇನ್ನೊಂದಿಷ್ಟು ಹಳದಿ ಏರುವವರೆಗೆ ಕಾಯಿಸಿ ಕೊಟ್ಟರು. ನಡುನಡುವೆ ಇಬ್ಬರೂ ಬೈದಾಡಿಕೊಂಡರು, ಅದೂ ನೋಡಲು ಚೆನ್ನಾಗಿತ್ತು.

ಆಮೇಲೆ ಹಿಡಿ ಅಲುಗಿಲ್ಲ. ಈಗ ಅಡುಗೆ ಚಾಕು ಕೇಳಿದವರಿಗೆಲ್ಲ ಆಚಾರ್ರು ಹಿತ್ತಾಳೆ ಕಡ್ಡಿ ಹಾಕಿಯೇ ಕೊಡುತ್ತಿದ್ದಾರೆ, ಇನ್ನೂರು ಜಾಸ್ತಿ. ಸಿಟ್ಟು ಇಳಿದಿದೆ, ಆದರೂ ಶುರುವಿನ ಓಡಾಟಕ್ಕೆ ಅಂಕ ಕಳೆದೇ ಕಳೆಯುತ್ತೇನೆ.

ಪಾತ್ರೆ ತೊಳೆಯುವ ಮೆಷಿನ್ ಇರುವವರು, ಚಾಕು ಸಿಂಕಿನಲ್ಲೇ ಬಿಡುವ ಮನೆಯವರು ಇದನ್ನು ಕೊಳ್ಳಬೇಡಿ. ಅವರಿಗೆ ಸ್ಟೇನ್‌ಲೆಸ್ಸೇ ವಾಸಿ. ಉಳಿದವರು ನಿಮ್ಮ ಹತ್ತಿರದ ಕುಲುಮೆಯಲ್ಲಿ ಕೇಳುವಾಗ ಹಿಡಿ ಯಾವ ಮರ, ಎಷ್ಟು ದಿನ ಒಣಗಿದೆ, ಒಳಗೆ ಅರಗೋ ಕಡ್ಡಿಯೋ ಅಂತ ಕೇಳಿ. ಉತ್ತರ ಸರಿ ಬರದಿದ್ದರೆ ಬರೀ ಅಲಗು ತೆಗೆದುಕೊಂಡು ಬಂದು, ಹಿಡಿಯನ್ನು ಮರಗೆಲಸದವರ ಹತ್ತಿರ ಹಾಕಿಸಿ. ಮಳೆ ಹಿಡಿಯುವ ಮುಂಚೆ ಮಾತ್ರ ಹೋಗಬೇಡಿ. ಆಗ ತೋಟಗಳ ಕತ್ತಿ, ಗುದ್ದಲಿ ರಾಶಿ ಬಿದ್ದಿರುತ್ತದೆ. ಚಾಕು ಅಂದರೆ ಯಾರೂ ತಿರುಗಿ ನೋಡುವುದಿಲ್ಲ.