ರೆಕ್ಕೆಗೆ ಬಟ್ಟೆ ಹೊದಿಸಿ ಒಂಬತ್ತು ವರ್ಷ: ಪಾಲಿಯೆಸ್ಟರ್ ಬಟ್ಟೆ, ಅಂಟು, ದಾರದ ಕಿಟ್ ಬಗ್ಗೆ

ನಮ್ಮ ಎರಡು ಸೀಟಿನ ಚಿಕ್ಕ ವಿಮಾನದ ಮರದ ರೆಕ್ಕೆಗಳಿಗೆ ಈ ಬಟ್ಟೆ ಹೊದಿಸಿ ಒಂಬತ್ತು ವರ್ಷ ಆಯಿತು. ಸುಮಾರು 700 ಗಂಟೆ ಹಾರಿದ್ದೇವೆ. ಇವತ್ತಿಗೂ ಬೆರಳಲ್ಲಿ ತಟ್ಟಿದರೆ ಕಾಯಿಸಿದ ತಮಟೆಯ ಹಾಗೆ ಸದ್ದು ಬರುತ್ತದೆ. ಕಿಟ್ ತಗೊಂಡ ಹೊಸದರಲ್ಲೇ ಬರೆದಿದ್ದರೆ ಬಣ್ಣದ ಹೊಳಪಿನ ಬಗ್ಗೆ ಬರೆಯುತ್ತಿದ್ದೆ. ಈಗ ಬೇರೆ ವಿಷಯ ಹೇಳಬೇಕಿದೆ.

ನೋಡಿದವರೆಲ್ಲ ಕೇಳುವುದು ಒಂದೇ: "ಅಂಟು ಹಿಡಿದುಕೊಳ್ಳುತ್ತಾ?" ಹಿಡಿದುಕೊಳ್ಳುತ್ತದೆ. ಆದರೆ ಅಂಟು ಮುಖ್ಯವಾಗಿ ಹಿಡಿಯುವುದು ಅಂಚುಗಳನ್ನು. ನಡುವಿನ ಅಷ್ಟೂ ಬಟ್ಟೆಯನ್ನು ರಿಬ್‌ಗಳಿಗೆ, ಅಂದರೆ ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬಿನಂಥ ಚೌಕಟ್ಟುಗಳಿಗೆ, ಕಟ್ಟಿ ಹಿಡಿಯುವುದು ದಾರ. ಹಾರುವಾಗ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಅಲ್ವಾ? ಅಲ್ಲಿನ ಬಟ್ಟೆಯನ್ನು ಗಾಳಿ ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಆ ಎಳೆತಕ್ಕೆ ಎದುರು ನಿಲ್ಲುವುದು ರೆಕ್ಕೆಯ ಮೇಲಿಂದ ಕೆಳಗಿನವರೆಗೆ ರಿಬ್ ಸುತ್ತಿ ಬರುವ ಆ ಮೇಣ ಸವರಿದ ದಾರ. ಲೋಹದ ರಿಬ್ ಇದ್ದವರು ಸ್ಕ್ರೂ, ರಿವೆಟ್, ಕ್ಲಿಪ್ ಹಾಕುವುದೂ ಉಂಟು. ಏನಾದರೂ ಹಾಕಿ, ನಿಮ್ಮ ವಿಮಾನದ ಕೈಪಿಡಿ ಕೇಳಿದ್ದನ್ನು ಮಾತ್ರ ಬಿಡಬೇಡಿ.

ನಾವು ತಗೊಂಡದ್ದು ಚದರ ಗಜಕ್ಕೆ 2.7 ಔನ್ಸ್ ತೂಗುವ ಬಟ್ಟೆ. ಇದಕ್ಕಿಂತ ತೆಳುವಾದ 1.7 ಔನ್ಸಿನದೂ ಸಿಗುತ್ತದೆ. ಅದು ತೀರಾ ಹಗುರ ವಿಮಾನಗಳಿಗೆ. ನಮ್ಮ ವಿಮಾನಕ್ಕೆ ಮುಂಚೆ ಹತ್ತಿ ಬಟ್ಟೆ ಇತ್ತು. ವಿಮಾನಕ್ಕೆಂದೇ ನೇಯುವ ಗ್ರೇಡ್-ಎ ಹತ್ತಿ ಬಟ್ಟೆ ಹೊಸದಾಗಿದ್ದಾಗ ಅಂಗುಲ ಅಗಲಕ್ಕೆ 80 ಪೌಂಡ್ ತಾಳಬೇಕು. 56ಕ್ಕಿಂತ ಕೆಳಗೆ ಇಳಿದರೆ ಬಿಚ್ಚಿ ಹಾಕಲೇಬೇಕು. ನಮ್ಮದು ಬೆರಳು ಒತ್ತಿದರೆ ಹರಿಯುವ ಸ್ಥಿತಿಗೆ ಬಂದಿತ್ತು. ಪಾಲಿಯೆಸ್ಟರ್ ಹಾಗೆ ಕೊಳೆಯುವುದಿಲ್ಲ. ಅದಕ್ಕೆ ಶತ್ರು ಬಿಸಿಲು.

ಕೆಲಸಕ್ಕೆ ಬರುತ್ತೇನೆ. ಮೊದಲು ಮರದ ಮೇಲಿನ ವಾರ್ನಿಷ್ ನೋಡಿಕೊಳ್ಳಿ. ಅಂಟಿನಲ್ಲಿರುವ ದ್ರಾವಕ ಹಳೆಯ ವಾರ್ನಿಷನ್ನು ಎಬ್ಬಿಸಿಬಿಡುತ್ತದೆ. ಬಟ್ಟೆ ತಾಗುವ ಕಡೆಯೆಲ್ಲ ನಾವು ಕೆರೆದು, ದ್ರಾವಕಕ್ಕೆ ಜಗ್ಗದ ಎಪಾಕ್ಸಿ ವಾರ್ನಿಷ್ ಬಳಿದೆವು. ಆಮೇಲೆ ಚೌಕಟ್ಟಿಗೆ ಒಂದು ಕೈ ಅಂಟು ಬಳಿದು ಒಣಗಲು ಬಿಟ್ಟೆವು. ಎರಡನೇ ಕೈ ಹಸಿ ಇರುವಾಗಲೇ ಬಟ್ಟೆಯನ್ನು ಅದರೊಳಗೆ ಒತ್ತಬೇಕು. ಅಂಟು ನೂಲಿನ ಸಂದಿಗಳಿಂದ ಮೇಲೆ ಉಕ್ಕಿ ಬಂದು ಬಟ್ಟೆ ಒದ್ದೆ ಒದ್ದೆ ಕಂಡರೆ ಅದು ಹಿಡಿದಿದೆ ಎಂದರ್ಥ. ಬಿಳಿ ಮಚ್ಚೆ ಉಳಿದ ಕಡೆ ಬರೀ ತಾಗಿದೆ, ಹಿಡಿದಿಲ್ಲ. ಕೆಳಗಿನ ಬಟ್ಟೆ ಮೊದಲು, ಮೇಲಿನದು ಆಮೇಲೆ.

ನಾನು ತಪ್ಪಿದ್ದು ಇಲ್ಲಿ. ಎಡ ರೆಕ್ಕೆಗೆ ಅಂಟಿಸಿದ ಸಂಜೆಯೇ ಬಟ್ಟೆಯನ್ನು ಕಾಯಿಸಿ ಬಿಗಿಸಲು ಇಸ್ತ್ರಿ ಪೆಟ್ಟಿಗೆ ಹಿಡಿದೆ. ಒಳಗಿನ ದ್ರಾವಕ ಇನ್ನೂ ಪೂರ್ತಿ ಆರಿರಲಿಲ್ಲ. ಬಟ್ಟೆ ಬಿಗಿಯುತ್ತಾ ಹೋದಂತೆ ಹಿಂದಿನ ಅಂಚಿನ ಜೋಡಣೆ ನನ್ನ ಕಣ್ಣೆದುರೇ ಮೂರ್ನಾಲ್ಕು ಮಿಲಿಮೀಟರ್ ಜಾರಿತು. ಆ ಅಂಚನ್ನು ಬಿಚ್ಚಿ, ಒರೆಸಿ, ಮತ್ತೆ ಅಂಟಿಸಿದೆ. ಬಲ ರೆಕ್ಕೆಗೆ ಒಂದು ರಾತ್ರಿ ಪೂರ್ತಿ ಬಿಟ್ಟೆ. ಕೂದಲೆಳೆಯಷ್ಟೂ ಕದಲಲಿಲ್ಲ.

ಇಸ್ತ್ರಿ ಪೆಟ್ಟಿಗೆಯ ಗುಂಡಿಯನ್ನು ನಂಬಬೇಡಿ. ತಳಕ್ಕೆ ಥರ್ಮಾಮೀಟರ್ ತಾಗಿಸಿ 121, 149, 177 ಡಿಗ್ರಿ ಸೆಲ್ಸಿಯಸ್‌ಗೆ ಗುರುತು ಹಾಕಿಕೊಳ್ಳಿ. ಬಟ್ಟೆ ಬಿಗಿಯುವುದು ಈ ಮೂರು ಹಂತದಲ್ಲಿ. 177 ದಾಟಿದರೆ ಲಾಭ ಇಲ್ಲ, ಜಾಸ್ತಿ ಕಾಯಿಸಿದರೆ ಬಿಗಿತ ಸಡಿಲವಾಗಿ ಬಟ್ಟೆ ಹಾಳಾಗುತ್ತದೆ. ಇನ್ನೊಂದು ಮಾತು, ಒಂದೇ ಬದಿಯನ್ನು ಪೂರ್ತಿ ಬಿಗಿಸಬೇಡಿ. 121ರಲ್ಲಿ ಕೆಳಗೆ ಒಂದು ಸುತ್ತು, ರೆಕ್ಕೆ ಮಗುಚಿ ಮೇಲೆ ಒಂದು ಸುತ್ತು, ಆಮೇಲೆ ಮುಂದಿನ ಹಂತ. ಈ ಬಟ್ಟೆಯ ಎಳೆತಕ್ಕೆ ತೆಳುವಾದ ಹಿಂದಿನ ಅಂಚು ಬಿಲ್ಲಿನಂತೆ ಬಾಗಿಬಿಡುತ್ತದೆ. ಮೊದಲ ಬಾರಿ ನೋಡಿದರೆ ನಂಬಲಾಗುವುದಿಲ್ಲ, ಜೋಲುತ್ತಿದ್ದ ಬಟ್ಟೆ ಪೆಟ್ಟಿಗೆ ಸರಿದಂತೆ ಸುಕ್ಕು ಬಿಡಿಸಿಕೊಂಡು ಕನ್ನಡಿಯಷ್ಟು ಸಮ ಆಗುತ್ತದೆ.

ಬಿಗಿದ ಬಟ್ಟೆಗೆ ಮೊದಲ ಕೈ ಗುಲಾಬಿ ಲೇಪ ಬಳಿದ ಮೇಲೆ ಹೊಲಿಗೆ. ರೆಕ್ಕೆಯನ್ನು ಮುಂದಿನ ಅಂಚಿನ ಮೇಲೆ ನಿಲ್ಲಿಸಿದೆವು. ಒಂದು ಬದಿಗೆ ನಾನು, ಇನ್ನೊಂದು ಬದಿಗೆ ನನ್ನ ತಂಗಿ. ಮೂವತ್ತು ಸೆಂಟಿಮೀಟರಿನ ದಬ್ಬಣ ಆ ಕಡೆಗೆ ಚುಚ್ಚುವುದು, "ಬಂತು ಅಣ್ಣ" ಅಂತ ಅವಳು ಎಳೆದು ರಿಬ್‌ನ ಇನ್ನೊಂದು ಪಕ್ಕದಿಂದ ವಾಪಸ್ ಕಳಿಸುವುದು. ಮೀನಿನ ಬಲೆ ಹೆಣೆಯುವ ಗಂಟಿನ ಜಾತಿಯದೇ ಒಂದು ಗಂಟು ಇದಕ್ಕೆ. ಒಮ್ಮೆ ಬಿಗಿದರೆ ಜಾರುವುದಿಲ್ಲ. ಒಂದು ರೆಕ್ಕೆಗೆ ಹದಿಮೂರು ರಿಬ್, ಒಂದೊಂದಕ್ಕೆ ಇಪ್ಪತ್ತು ಗಂಟು. ಗಂಟಿನ ಅಂತರ ವಿಮಾನದ ವೇಗದ ಮೇಲೆ ಹೋಗುತ್ತದೆ, ಪ್ರೊಪೆಲ್ಲರ್ ಗಾಳಿ ಬಡಿಯುವ ಕಡೆ ಇನ್ನೂ ಹತ್ತಿರ ಹತ್ತಿರ ಹಾಕಬೇಕು. ಮೊದಲ ರಿಬ್ ಮುಗಿಸುವಷ್ಟರಲ್ಲಿ ಕೈಬೆರಳು ಕೆಂಪಾಗಿದ್ದವು. ನಾಲ್ಕನೇ ರಿಬ್‌ಗೆ ಇಬ್ಬರಿಗೂ ಮಾತೇ ಬೇಕಾಗಲಿಲ್ಲ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ದಿನಗಳು ಅವೇ.

ಹೊಲಿಗೆಯ ಮೇಲೆ ಹಲ್ಲುಹಲ್ಲಾಗಿ ಕತ್ತರಿಸಿದ ಅಂಚಿನ ಪಟ್ಟಿ ಅಂಟಿಸುತ್ತಾರೆ. ಆ ಹಲ್ಲುಗಳು ಸುಮ್ನೆ ಅಂದಕ್ಕಲ್ಲ, ನೇರ ಅಂಚಿಗಿಂತ ಅವು ಏಳುವುದು ಕಡಿಮೆ. ಪೆಟ್ಟಿಗೆಯನ್ನು 107 ಡಿಗ್ರಿಗೆ ಇಳಿಸಿ ಅಂಚನ್ನು ಒತ್ತಿದರೆ ಚೆನ್ನಾಗಿ ಕೂರುತ್ತದೆ. ಒಂಬತ್ತು ವರ್ಷದಲ್ಲಿ ಎರಡೇ ಕಡೆ ಪಟ್ಟಿ ಎದ್ದಿದೆ. ಎರಡೂ ಎಡ ರೆಕ್ಕೆಯ ಹಿಂದಿನ ಅಂಚಿನಲ್ಲಿ, ನಾನು ಬಿಚ್ಚಿ ಮತ್ತೆ ಅಂಟಿಸಿದ ಜಾಗದ ಹತ್ತಿರವೇ.

ಬಟ್ಟೆಯ ಆಯುಷ್ಯ ಇರುವುದು ಬೆಳ್ಳಿ ಬಣ್ಣದ ಲೇಪದಲ್ಲಿ. ಅದರಲ್ಲಿರುವ ಅಲ್ಯೂಮಿನಿಯಂ ಪುಡಿ ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುತ್ತದೆ. ತೂಕ ಉಳಿಸಲು ಇದನ್ನು ತೆಳು ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಕತ್ತಲಲ್ಲಿ ರೆಕ್ಕೆಯೊಳಗೆ ಒಂದು ಬಲ್ಬ್ ಉರಿಸಿ ಹೊರಗಿಂದ ನೋಡಿ. ಬೆಳಕು ಕಂಡ ಕಡೆ ಇನ್ನೊಂದು ಕೈ ಬೇಕು.

ಆರನೇ ವರ್ಷ ಚಕ್ರದಿಂದ ಸಿಡಿದ ಕಲ್ಲು ಕೆಳಗಿನ ಬಟ್ಟೆಯನ್ನು ಎರಡು ಅಂಗುಲ ಹರಿಯಿತು. ಈ ಲೇಪದ ಒಳ್ಳೆಯ ಗುಣ ಗೊತ್ತಾಗಿದ್ದು ಆವಾಗ. ಒಣಗಿ ವರ್ಷಗಳಾದರೂ ದ್ರಾವಕಕ್ಕೆ ಕರಗುತ್ತದೆ. ಬಣ್ಣ, ಬೆಳ್ಳಿ ಎರಡನ್ನೂ ಒರೆಸಿ ಕೆಳಗಿನ ಗುಲಾಬಿ ಲೇಪದವರೆಗೆ ಇಳಿದೆ. ತೇಪೆ ಅಂಟಿಸಿ, ಮಾರನೇ ದಿನ ಬಿಗಿಸಿ, ಮತ್ತೆ ಲೇಪಗಳನ್ನು ಕಟ್ಟಿದೆ. ಈಗ ಹುಡುಕಿದರೂ ಸಿಗುವುದಿಲ್ಲ.

ಕೊರತೆ ಇಲ್ಲವೇ? ಇದೆ. ದ್ರಾವಕದ ವಾಸನೆ ಅಂದರೆ ವಾಸನೆ. ತಕ್ಕ ಮಾಸ್ಕ್, ಕೈಗವಸು, ಗಾಳಿಯಾಡುವ ಜಾಗ ಇಲ್ಲದೆ ಡಬ್ಬಿ ತೆರೆಯಬೇಡಿ, ಹತ್ತಿರ ಕಿಡಿ ಬೇಡ. ಲೇಪಗಳೂ ಜಾಸ್ತಿ, ವಾರಗಟ್ಟಲೆ ಹಿಡಿಯುತ್ತದೆ. ಬಣ್ಣ ಮೊದಲೇ ಬಳಿದೇ ಬರುವ ಬಟ್ಟೆಗಳಿವೆ, ನೀರಿನಲ್ಲಿ ಕಲಸುವ ಅಂಟುಗಳಿವೆ. ಸಮಯ ಕಡಿಮೆ ಇದ್ದವರು ಅವನ್ನೂ ನೋಡಬಹುದು. ಆದರೆ ಯಾವ ಪದ್ಧತಿಯನ್ನೇ ಹಿಡಿಯಿರಿ, ಬಟ್ಟೆ ಒಂದು ಕಡೆಯದು, ಅಂಟು ಇನ್ನೊಂದು ಕಡೆಯದು ಅಂತ ಬೆರೆಸಬೇಡಿ.

ಬಾಲದ ರೆಕ್ಕೆಗಳ ಬಟ್ಟೆ ಇನ್ನೂ ಹಳೆಯ ಹತ್ತಿಯದೇ. ಈ ವರ್ಷ ಅದನ್ನು ಬಿಚ್ಚುತ್ತೇವೆ. ಅದಕ್ಕೂ ಇದೇ 2.7 ಔನ್ಸಿನ ಬಟ್ಟೆ, ಇದೇ ಅಂಟು ತರಿಸಿದ್ದೇನೆ. ತಂಗಿ ದಬ್ಬಣವನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಇಷ್ಟು ವರ್ಷ ಜೋಪಾನವಾಗಿ ಇಟ್ಟಿದ್ದಾಳೆ.