ಮೈನ್‌ಲ್ಯಾಬ್ ಸಾವರಿನ್: ಬ್ಲ್ಯಾಕ್‌ಪೂಲ್ ಮರಳಿನಲ್ಲಿ ದೀರ್ಘಕಾಲ ಬಳಸಿದವನ ವಿಮರ್ಶೆ

ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಸಂಸ್ಥೆ 1990ರ ದಶಕದ ಆರಂಭದಲ್ಲಿ ಹೊರತಂದ ಸಾವರಿನ್ ಎಂಬ ಮೆಟಲ್ ಡಿಟೆಕ್ಟರ್ ಈಗ ತಯಾರಾಗುತ್ತಿಲ್ಲ. ಬೇಕೆಂದವರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲೇ ಹುಡುಕಬೇಕು. ಹೀಗಿದ್ದೂ ಅದರ ವಿಮರ್ಶೆ ಬರೆಯಲು ಕಾರಣವಿದೆ. ಕಡಲತೀರದಲ್ಲಿ ಡಿಟೆಕ್ಟರ್ ಹಿಡಿದು ನಡೆಯುವ ನನ್ನ ವಯಸ್ಸಿನವರು ಸೇರಿದಾಗಲೆಲ್ಲ 1970ರ ದಶಕದ ಮಾತು ಬರುತ್ತದೆ, ಆಗಿನ ಯಂತ್ರಗಳಿಗೆ ಸಮನಾದದ್ದು ಮತ್ತೆ ಬರಲಿಲ್ಲವೆಂಬ ಉದ್ಗಾರವೂ ಬರುತ್ತದೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಆಗಿನ ಯಂತ್ರಗಳು ಬಹುಮಟ್ಟಿಗೆ ಕಳಪೆಯಾಗಿದ್ದವು; ಸಮೃದ್ಧವಾಗಿದ್ದದ್ದು ಆಗಿನ ಮರಳು. ಆ ಸಮೃದ್ಧಿ ಕರಗುತ್ತಿದ್ದ ಕಾಲದಲ್ಲಿ ಬಂದ ಒಳ್ಳೆಯ ಯಂತ್ರ ಸಾವರಿನ್. ಆದ್ದರಿಂದ ಇದರ ಗುಣದೋಷ ಹೇಳುವಾಗ ಅದಕ್ಕೂ ಹಿಂದಿನ ದಿನಗಳನ್ನು ಬಿಟ್ಟು ಹೇಳಲಾಗುವುದಿಲ್ಲ.

ವೈದ್ಯ ವೃತ್ತಿಗಾಗಿ ಕರ್ನಾಟಕದಿಂದ ಇಂಗ್ಲೆಂಡಿನ ಲ್ಯಾಂಕಾಷೈರ್‌ಗೆ ನಾನು ಬಂದ ಕಾಲದಲ್ಲಿ ಈ ಹವ್ಯಾಸಕ್ಕೆ ಸರ್ಕಾರದ ಲೈಸೆನ್ಸ್ ಬೇಕಿತ್ತು. ಡಿಟೆಕ್ಟರ್ ರೇಡಿಯೋ ಅಲೆಗಳನ್ನು ಹೊರಡಿಸುವ ಸಾಧನವಾದ್ದರಿಂದ ಅದು ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಅಡಿಯಲ್ಲಿ ಬರುತ್ತಿತ್ತು. ನೆಲದಡಿಯ ಕೊಳವೆ ಹುಡುಕುವ ಉಪಕರಣದ ಹೆಸರಿನಲ್ಲಿ ಪರವಾನಗಿ ಪಡೆದು ನಾವು ನಾಣ್ಯ ಹುಡುಕುತ್ತಿದ್ದೆವು. 1980ರಲ್ಲಿ ಈ ನಿಯಮ ರದ್ದಾಯಿತು. ಕೆಂಟ್ ಪ್ರಾಂತದ ಆಶ್‌ಫರ್ಡ್‌ನ ಸಿ-ಸ್ಕೋಪ್ ಮೊದಲಾದ ಇಂಗ್ಲಿಷ್ ತಯಾರಕರ ಡಿಟೆಕ್ಟರ್‌ಗಳ ಜೊತೆಗೆ ಅಮೆರಿಕದ ವೈಟ್ಸ್ ಮತ್ತು ಗ್ಯಾರೆಟ್ ಯಂತ್ರಗಳೂ ಆಗ ಜನರ ಕೈಯಲ್ಲಿದ್ದವು.

ಅಗ್ಗದ ಯಂತ್ರಗಳಲ್ಲಿ ಹೆಚ್ಚಿನವು ಬಿ.ಎಫ್.ಒ. (ಬೀಟ್ ಫ್ರೀಕ್ವೆನ್ಸಿ ಆಸಿಲೇಟರ್) ಮಾದರಿಯವು. ಅವುಗಳೊಳಗೆ ಎರಡು ಆಸಿಲೇಟರ್‌ಗಳಿರುತ್ತಿದ್ದವು: ಒಂದು ಪೆಟ್ಟಿಗೆಯೊಳಗೆ ಸ್ಥಿರವಾಗಿ ಕಂಪಿಸುವಂಥದ್ದು, ಇನ್ನೊಂದು ನೆಲದ ಮೇಲೆ ಆಡಿಸುವ ತಂತಿಸುರುಳಿ, ಅಂದರೆ ಕಾಯಿಲ್‌ಗೆ ಜೋಡಿಸಿದ್ದು. ಎರಡರ ಆವರ್ತನಗಳ ವ್ಯತ್ಯಾಸವೇ ಹೆಡ್‌ಫೋನಿನಲ್ಲಿ ಗುಟುಗುಟು ಸದ್ದಾಗಿ ಕೇಳುತ್ತಿತ್ತು. ಲೋಹ ಹತ್ತಿರ ಬಂದಾಗ ಆ ಸದ್ದಿನ ಸ್ಥಾಯಿ ಬದಲಾಗುತ್ತಿತ್ತು. ತೊಂದರೆಯೆಂದರೆ, ಬಿಸಿಲು ಏರಿದರೂ, ಬ್ಯಾಟರಿ ಇಳಿದರೂ, ಕಾಯಿಲ್ ಸ್ವಲ್ಪ ಮೇಲೆದ್ದರೂ ಅದು ಬದಲಾಗುತ್ತಲೇ ಇತ್ತು. ಕೆಲವು ಅಂಗುಲಗಳಿಗಿಂತ ಆಳದಲ್ಲಿರುವ ನಾಣ್ಯ ಅದಕ್ಕೆ ಸಿಗುತ್ತಿರಲಿಲ್ಲ. ಉಪ್ಪುನೀರು ವಿದ್ಯುತ್ ವಾಹಕವಾದ್ದರಿಂದ ಒದ್ದೆ ಮರಳು ತಾನೇ ಒಂದು ದೊಡ್ಡ ಲೋಹದ ತಗಡಿನ ಹಾಗೆ ವರ್ತಿಸುತ್ತಿತ್ತು, ಹೀಗಾಗಿ ಅಲೆ ಬಂದು ಹೋಗುವ ಪಟ್ಟಿಯಲ್ಲಿ ಯಂತ್ರ ಹಿಡಿದವನಿಗೆ ತಲೆನೋವಲ್ಲದೆ ಬೇರೇನೂ ದಕ್ಕುತ್ತಿರಲಿಲ್ಲ. ನಾವೆಲ್ಲ ಒಣ ಮರಳಿಗೆ ಅಂಟಿಕೊಂಡದ್ದು ಇದೇ ಕಾರಣಕ್ಕೆ.

ಆದರೆ ಲ್ಯಾಂಕಾಷೈರಿನ ಕಡಲತೀರದ ವಿಹಾರಪಟ್ಟಣವಾದ ಬ್ಲ್ಯಾಕ್‌ಪೂಲಿನ ಆ ಒಣ ಮರಳಿನಲ್ಲಿ ಏನಿರಲಿಲ್ಲ! ಲ್ಯಾಂಕಾಷೈರಿನ ಹತ್ತಿಗಿರಣಿ ಪಟ್ಟಣಗಳು ವರ್ಷಕ್ಕೊಮ್ಮೆ ವೇಕ್ಸ್ ವಾರವೆಂದು ಸರದಿಯ ಮೇಲೆ ಗಿರಣಿಗಳನ್ನು ಮುಚ್ಚಿದಾಗ ಊರಿಗೆ ಊರೇ ರೈಲು ಹತ್ತಿ ಇಲ್ಲಿಗೆ ಬರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದ ಪದ್ಧತಿಯದು. ಕೋಟು ಬೂಟುಗಳಲ್ಲೇ ಡೆಕ್‌ಚೇರ್‌ಗಳಲ್ಲಿ ಒರಗುತ್ತಿದ್ದವರ ಜೇಬುಗಳಿಂದ ಚಿಲ್ಲರೆ ಜಾರಿ ಮರಳು ಸೇರುತ್ತಿತ್ತು. 1863ರಲ್ಲಿ ತೆರೆದ ನಾರ್ತ್ ಪಿಯರ್ (ಪಿಯರ್ ಎಂದರೆ ಸಮುದ್ರದೊಳಕ್ಕೆ ಚಾಚಿದ, ಸೇತುವೆಯಂಥ ವಿಹಾರದ ಅಟ್ಟಣೆ) ಮತ್ತು ಆಮೇಲೆ ಬಂದ ಇನ್ನೆರಡು ಪಿಯರ್‌ಗಳ ಮರದ ಹಲಗೆಗಳ ಸಂದಿನಿಂದ ಪೆನ್ನಿಗಳು ಕೆಳಗೆ ಬೀಳುತ್ತಿದ್ದವು, ಪಿಯರ್ ಮೇಲಿನ ಆಟದ ಯಂತ್ರಗಳಿಗೆ ಬೇಕಾದದ್ದೂ ಅದೇ ಪೆನ್ನಿಯಾಗಿತ್ತು. ಒಂದು ಪೌಂಡಿಗೆ 240ರಂತೆ ಲೆಕ್ಕವಿದ್ದ ಆ ಹಳೆಯ ಪೆನ್ನಿ ಮೂರು ಸೆಂಟಿಮೀಟರಿಗೂ ಸ್ವಲ್ಪ ಅಗಲವಾದ ಕಂಚಿನ ಬಿಲ್ಲೆ. ಎಂಥ ಬಡ ಡಿಟೆಕ್ಟರ್ ಆದರೂ ಅದನ್ನು ಗುರುತಿಸಿಬಿಡುತ್ತಿತ್ತು. 1971ರ ಫೆಬ್ರವರಿ 15ರಂದು ದಶಮಾಂಶ ನಾಣ್ಯ ಪದ್ಧತಿ ಬಂದು ಕೆಲವೇ ತಿಂಗಳಲ್ಲಿ ಅದು ಚಲಾವಣೆಯಿಂದ ಹೋಯಿತು, ಆದರೆ ಮರಳಿನೊಳಗಿದ್ದವು ಎಲ್ಲಿಗೂ ಹೋಗಲಿಲ್ಲ. ಪೆನ್ನಿಗಳ ನಡುವೆ ಬೆಳ್ಳಿ ಬರುತ್ತಿತ್ತು. 1920ಕ್ಕೆ ಮುಂಚಿನ ಶಿಲಿಂಗ್ ಮತ್ತು ಆರು ಪೆನ್ಸ್ ಬೆಲೆಯ ನಾಣ್ಯಗಳಲ್ಲಿ ಶೇ 92.5ರಷ್ಟು, ಆಮೇಲೆ 1946ರವರೆಗಿನವುಗಳಲ್ಲಿ ಅರ್ಧದಷ್ಟು ಬೆಳ್ಳಿಯಿರುತ್ತದೆ, 1947ರಿಂದ ತಾಮ್ರ-ನಿಕಲ್. ಸಮುದ್ರದ ಮರಳಿನಲ್ಲಿ ಕಪ್ಪಾಗಿ ಬರುವ ಬೆಳ್ಳಿಯ ಅಂಚಿಗೆ ಹೆಬ್ಬೆರಳು ಉಜ್ಜಿ ಇಸವಿ ನೋಡುವ ಸುಖವನ್ನು ಈಗಿನ ಹೊಸಬರಿಗೆ ವಿವರಿಸಿ ಹೇಳುವುದು ಕಷ್ಟ. ಶತಮಾನದ ಕಾಲ ಜನ ಕಳೆದುಕೊಂಡದ್ದನ್ನು ಯಾರೂ ಹೆಕ್ಕಿರಲಿಲ್ಲ, ನಾವು ಮೊದಲಿಗರಾಗಿ ಹೋದೆವು, ಅಷ್ಟೇ. ಅದನ್ನು ಯಂತ್ರದ ಹೆಗ್ಗಳಿಕೆಯೆಂದು ನಂತರದವರಿಗೆ ಹೇಳಿಕೊಂಡು ಬಂದಿದ್ದೇವೆ.

ಮುಂದೆ ಸುಧಾರಣೆಗಳು ಬೇಗಬೇಗನೆ ಬಂದವು. ಒಂದು ಸುರುಳಿ ಕಳುಹಿಸಿ ಇನ್ನೊಂದು ಸುರುಳಿ ಆಲಿಸುವ ಸಮತೋಲನದ ಏರ್ಪಾಡು ಹೊಸದೇನಲ್ಲ. ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ 1881ರಲ್ಲಿ ಗುಂಡೇಟು ತಿಂದು ಮಲಗಿದ್ದಾಗ ಅಲೆಕ್ಸಾಂಡರ್ ಗ್ರಹಾಂ ಬೆಲ್ ಆ ಗುಂಡನ್ನು ಹುಡುಕಲು ಇದೇ ತತ್ವದ ಉಪಕರಣ ತಂದಿದ್ದರು, ಗುಂಡು ಸಿಗಲಿಲ್ಲ. (ವೈದ್ಯನಾದ ನನಗೆ ಈ ಹವ್ಯಾಸದ ವಂಶವೃಕ್ಷ ರೋಗಿಯ ಹಾಸಿಗೆಯಿಂದ ಶುರುವಾಗುವುದು ಸಣ್ಣ ಸಮಾಧಾನ.) 1970ರ ದಶಕದ ಕೊನೆಯ ಹೊತ್ತಿಗೆ ಅತಿ ಕಡಿಮೆ ಆವರ್ತನದ ವಿ.ಎಲ್.ಎಫ್. ಯಂತ್ರಗಳು ಕಬ್ಬಿಣವನ್ನು ಬೇರ್ಪಡಿಸಲು ಕಲಿತವು. ಆದರೆ ಒಂದೇ ಆವರ್ತನದಲ್ಲಿ ಕೆಲಸ ಮಾಡುವ ಅವು ಉಪ್ಪುನೀರಿನಲ್ಲಿ ಮತ್ತೆ ಕಂಗಾಲಾಗುತ್ತಿದ್ದವು. ಪಲ್ಸ್ ಇಂಡಕ್ಷನ್ ಯಂತ್ರಗಳಿಗೆ ಉಪ್ಪಿನ ಭಯವಿರಲಿಲ್ಲ: ಒಂದು ಮಿಡಿತ ಕಳುಹಿಸಿ, ನೀರಿನ ಪ್ರತಿಧ್ವನಿ ಅಡಗುವಷ್ಟು ಕ್ಷಣಾಂಶ ಕಾದು, ಆಮೇಲೆ ಉಳಿದ ಲೋಹದ ಪ್ರತಿಧ್ವನಿಯನ್ನು ಕೇಳುತ್ತವೆ. ಆಳಕ್ಕೂ ಹೋಗುತ್ತವೆ. ಆದರೆ ಮೊಳೆ, ತಂತಿ, ಚಿನ್ನ ಎಲ್ಲದಕ್ಕೂ ಒಂದೇ ಕೂಗು. ಪಿಯರ್‌ಗಳ ಸುತ್ತ ಬಿದ್ದಿರುವ ತುಕ್ಕು ಕಬ್ಬಿಣದ ನಡುವೆ ಈ ಯಂತ್ರ ಬಳಸಿ ಪ್ರತಿ ಕೂಗಿಗೂ ಅಗೆದವರ ಬೆನ್ನಿನ ಗತಿ ಏನಾಯಿತೆಂದು ನಾನು ಕ್ಲಿನಿಕ್‌ನಲ್ಲೂ ಕಂಡಿದ್ದೇನೆ.

ಸಾವರಿನ್ ಬಂದದ್ದು ಈ ಇಕ್ಕಟ್ಟಿನ ನಡುವೆ. ಬಿ.ಬಿ.ಎಸ್. (ಬ್ರಾಡ್ ಬ್ಯಾಂಡ್ ಸ್ಪೆಕ್ಟ್ರಮ್) ಎಂದು ತಯಾರಕರು ಕರೆದ ವಿಧಾನದಲ್ಲಿ ಅದು 1.5ರಿಂದ 25.5 ಕಿಲೋಹರ್ಟ್ಸ್‌ವರೆಗೆ 17 ಆವರ್ತನಗಳನ್ನು ಬಳಸುತ್ತದೆ. ಉಪ್ಪುನೀರು ಬೇರೆ ಬೇರೆ ಆವರ್ತನಗಳಿಗೆ ಕೊಡುವ ಉತ್ತರದ ಬಗೆ ನಾಣ್ಯದ ಉತ್ತರಕ್ಕಿಂತ ಭಿನ್ನವಾದ್ದರಿಂದ, ಹೋಲಿಸಿ ನೋಡಿದಾಗ ಉಪ್ಪಿನ ಪಾಲನ್ನು ಕಳೆದುಬಿಡಬಹುದು. ಫಲವಾಗಿ, ಇಳಿತದ ಹೊತ್ತಿನಲ್ಲಿ ಐರಿಷ್ ಸಮುದ್ರ ಹಿಂದೆ ಸರಿದು ತೆರೆದಿಡುವ ಒದ್ದೆ ಬಯಲು ಮೊದಲ ಬಾರಿಗೆ ನಮ್ಮ ಪಾಲಿಗೆ ನೆಲವಾಯಿತು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು 8 ಮೀಟರ್ ಅಂತರವಿರುವುದರಿಂದ ಆ ಬಯಲಿನ ವಿಸ್ತಾರ ಊಹಿಸಿಕೊಳ್ಳಬಹುದು. ಪಡುವಣದ ಬಿರುಗಾಳಿ ಬೀಸಿ ತಡೆಗೋಡೆಯ ಬುಡದ ಮರಳನ್ನು ಕೊಚ್ಚಿಕೊಂಡು ಹೋದ ಮರುದಿನ ಸಾವರಿನ್ ಹಿಡಿದು ಹೋದರೆ ಬಿ.ಎಫ್.ಒ. ಕಾಲದಲ್ಲಿ ಕೈಗೆಟುಕದೆ ಉಳಿದದ್ದು ಸಿಗುತ್ತಿತ್ತು.

ಇದಕ್ಕೆ ಪರದೆಯಿಲ್ಲ, ಕೆಲವು ಗುಂಡಿಗಳು ಮತ್ತು ಒಂದು ಸದ್ದು, ಅಷ್ಟೇ ಇದರ ಸಂಪತ್ತು. ಹೆಡ್‌ಫೋನಿನಲ್ಲಿ ಸದಾ ಸಣ್ಣಗೆ ಒಂದು ಗುಂಯ್‌ಗುಡುವ ನಾದವಿರುತ್ತದೆ, ತಂಬೂರಿಯ ಶ್ರುತಿಯ ಹಾಗೆ. ಕಬ್ಬಿಣದ ಮೇಲೆ ಹೋದಾಗ ಆ ನಾದ ನಿಂತುಬಿಡುತ್ತದೆ; ಬೆಳ್ಳಿ ಮತ್ತು ತಾಮ್ರದ ಮೇಲೆ ಏರುಸ್ಥಾಯಿಗೆ ಹೋಗುತ್ತದೆ; ಚಿನ್ನದ ಉಂಗುರ, ಪಾನೀಯದ ಡಬ್ಬಿಯ ಕಿತ್ತೆಸೆದ ಮುಚ್ಚಳದ ಉಂಗುರ ಎರಡೂ ನಡುಸ್ಥಾಯಿಯಲ್ಲಿ ನಿಲ್ಲುತ್ತವೆ. ಕಡೆಯ ಎರಡನ್ನು ಬೇರ್ಪಡಿಸುವ ಭರವಸೆ ನೀಡುವ ಯಾವ ಯಂತ್ರವನ್ನೂ ನಂಬಬಾರದು, ಏಕೆಂದರೆ ಅವುಗಳ ವಾಹಕತೆಯ ವ್ಯಾಪ್ತಿಗಳು ಒಂದರ ಮೇಲೊಂದು ಹಾಯ್ದಿರುತ್ತವೆ, ಅಗೆಯಲೇಬೇಕು. ಒಂದು ಚಳಿಗಾಲ ಕಿವಿ ಪಳಗಿಸಿದ ಮೇಲೆ ಸದ್ದಿನ ಅಂಚು ನುಣುಪೋ ಒರಟೋ ಎಂಬುದರಿಂದಲೇ ಅರ್ಧ ನಿರ್ಧಾರವಾಗುತ್ತದೆ. ಹಳೆಯ ಯಂತ್ರಗಳಿಂದ ಉಳಿಸಿಕೊಳ್ಳಬೇಕಾದ ಒಂದೇ ಒಂದು ಗುಣವಿದ್ದರೆ ಅದು ಕೇಳುವ ಅಭ್ಯಾಸ, ಅದನ್ನು ಸಾವರಿನ್ ಬಿಟ್ಟುಕೊಟ್ಟಿಲ್ಲ.

ಮಿತಿಗಳೂ ಸಾಕಷ್ಟಿವೆ. ಕಾಯಿಲನ್ನು ನಿಧಾನವಾಗಿ ಆಡಿಸಬೇಕು. ಅವಸರಪಟ್ಟರೆ ಪಕ್ಕಪಕ್ಕದ ಎರಡು ವಸ್ತುಗಳ ಸದ್ದು ಒಂದರೊಳಗೊಂದು ಕರಗುತ್ತದೆ. ಕಾಯಿಲ್ ಮಾತ್ರ ನೀರಿಗಿಳಿಯಬಹುದು, ಪೆಟ್ಟಿಗೆ ಇಳಿಯಬಾರದು. ನೀರಿನಲ್ಲಿ ಹುಡುಕುವವರಿಗಾಗಿ ಇದೇ ತತ್ವದ ಎಕ್ಸ್‌ಕ್ಯಾಲಿಬರ್ ಇದೆ. ತೆಳುವಾದ ಚಿನ್ನದ ಸರ ಇದಕ್ಕೆ ಬಹುಪಾಲು ಕಾಣುವುದೇ ಇಲ್ಲ. ತೂಕ ಈಗಿನವುಗಳಿಗಿಂತ ಹೆಚ್ಚು, ಎಪ್ಪತ್ತು ದಾಟಿದ ಭುಜಕ್ಕೆ ಅದು ತಿಳಿಯುತ್ತದೆ. ಪೆಟ್ಟಿಗೆಯನ್ನು ಸೊಂಟಕ್ಕೆ ಕಟ್ಟಿಕೊಂಡರೆ ಸ್ವಲ್ಪ ಹಗುರ.

ಉಂಗುರಗಳ ಬಗ್ಗೆ ಓದುಗರು ಕೇಳಿಯೇ ಕೇಳುತ್ತಾರೆ. ಹೌದು, ಸಿಗುತ್ತವೆ, ತಣ್ಣೀರಿನಲ್ಲಿ ಬೆರಳು ಸಣಕಲಾಗಿ ಜಾರಿದಂಥವು. ಒಳಮೈಯ ಹಾಲ್‌ಮಾರ್ಕ್ ಓದಿದರೆ ಲೋಹದ ಶುದ್ಧತೆಯ ಜೊತೆಗೆ ಮುದ್ರೆಯೊತ್ತಿದ ವರ್ಷ ಮತ್ತು ಊರು ತಿಳಿಯುತ್ತವೆ. ಲಂಗರಿನ ಗುರುತಿದ್ದರೆ ಬರ್ಮಿಂಗ್‌ಹ್ಯಾಮ್. ಸಿಕ್ಕಿದ್ದು ಸಿಕ್ಕವನದೇ ಎಂದು 1970ರ ದಶಕದಲ್ಲಿ ಅನೇಕರು ನಡೆದುಕೊಂಡರು, ಆ ದಿನಗಳನ್ನು ನೆನೆಯುವಾಗ ಈ ಭಾಗವನ್ನು ಯಾರೂ ಎತ್ತುವುದಿಲ್ಲ. ಇತ್ತೀಚೆಗೆ ಕಳೆದುಹೋದ ಒಡವೆ ಕಳೆದುಕೊಂಡವರದೇ, ಅದನ್ನು ಹಿಂದಿರುಗಿಸಲು ಯತ್ನಿಸಬೇಕು. 300 ವರ್ಷಕ್ಕೂ ಹಳೆಯದಾದ ಚಿನ್ನ ಬೆಳ್ಳಿಯ ವಸ್ತು ಸಿಕ್ಕರೆ, 1997ರಲ್ಲಿ ಜಾರಿಗೆ ಬಂದ ಟ್ರೆಷರ್ ಕಾಯಿದೆಯ ಪ್ರಕಾರ 14 ದಿನಗಳೊಳಗೆ ಕೊರೋನರ್ ಎಂಬ ಸ್ಥಳೀಯ ವಿಚಾರಣಾಧಿಕಾರಿಗೆ ತಿಳಿಸಬೇಕು. ಇಂಥ ಯಂತ್ರವನ್ನು ಮಲ್ಪೆಗೋ ಗೋಕರ್ಣಕ್ಕೋ ತರಬಹುದೇ ಎಂದು ಊರಿನವರು ಕೇಳಿದಾಗಲೂ ನಾನು ಕಾನೂನನ್ನೇ ಮೊದಲು ಹೇಳುತ್ತೇನೆ: ಭಾರತದ 1878ರ ನಿಧಿ ಕಾಯಿದೆಯಂತೆ ನೆಲದಲ್ಲಿ ಅಡಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ದೊರೆತರೆ ಕಲೆಕ್ಟರಿಗೆ ತಿಳಿಸುವುದು ಕಡ್ಡಾಯ.

2018ರಲ್ಲಿ ಬಂದ ಇದೇ ಸಂಸ್ಥೆಯ ಈಕ್ವಿನಾಕ್ಸ್ ಯಂತ್ರವನ್ನು ಸ್ನೇಹಿತರಿಂದ ಪಡೆದು ಇದರ ಜೊತೆಗಿಟ್ಟು ನೋಡಿದ್ದೇನೆ. ಅದರ ತೂಕ ಸುಮಾರು 1.3 ಕಿಲೋ, 3 ಮೀಟರ್ ಆಳದ ನೀರಿಗೂ ಇಳಿಯುತ್ತದೆ, ಚುರುಕಾಗಿ ಆಡಿಸಬಹುದು, ಪ್ರತಿ ವಸ್ತುವಿಗೂ ಪರದೆಯ ಮೇಲೆ ಒಂದು ಸಂಖ್ಯೆ ತೋರಿಸುತ್ತದೆ. ಯಂತ್ರವಾಗಿ ಅದೇ ಮೇಲೆಂದು ಒಪ್ಪಲು ನನಗೆ ಸಂಕೋಚವಿಲ್ಲ. ಆದರೆ ಅದನ್ನು ಹಿಡಿದವರು ಸಂಖ್ಯೆ ನೋಡಿ ಅಗೆಯದೆ ಮುಂದೆ ಹೋಗುವುದನ್ನೂ, ಅವರು ಬಿಟ್ಟ ಜಾಗದಲ್ಲಿ ಸಾವರಿನ್ ಹಿಡಿದವರು ನಡುಸ್ಥಾಯಿಯ ಸದ್ದು ಕೇಳಿ ಅಗೆದು ಒಂಬತ್ತು ಕ್ಯಾರೆಟ್ ಉಂಗುರ ತೆಗೆದದ್ದನ್ನೂ ಕಂಡಿದ್ದೇನೆ.

ಮರಳು ಮಾತ್ರ ಯಾವ ಯಂತ್ರಕ್ಕೂ ಹಿಂದಿನಂತೆ ಕೊಡುವುದಿಲ್ಲ. 1992ರಿಂದ ಒಂದು ಮತ್ತು ಎರಡು ಪೆನ್ಸ್ ನಾಣ್ಯಗಳು ತಾಮ್ರ ಲೇಪಿಸಿದ ಉಕ್ಕು, 2012ರಿಂದ ಐದು ಮತ್ತು ಹತ್ತು ಪೆನ್ಸ್ ನಿಕಲ್ ಲೇಪಿಸಿದ ಉಕ್ಕು; ಉಪ್ಪುನೀರಿನಲ್ಲಿ ಕೆಲವೇ ವರ್ಷಗಳಲ್ಲಿ ತುಕ್ಕಿನ ಗಂಟಾಗುವ ಇವುಗಳ ಮೇಲೆ ಸಾವರಿನ್ ತೊದಲುತ್ತದೆ. ಐಸ್‌ಕ್ರೀಮಿಗೂ ಕತ್ತೆ ಸವಾರಿಗೂ ಜನ ಕಾರ್ಡ್ ತೋರಿಸುವ ಈ ಕಾಲದಲ್ಲಿ ಹೊಸ ಚಿಲ್ಲರೆ ಬೀಳುವುದೂ ಕಡಿಮೆ.

ಹಾಗಾದರೆ ಈಗ ಸಾವರಿನ್ ಕೊಳ್ಳಬೇಕೇ? ಒದ್ದೆ ಮರಳಿನಲ್ಲಿ ತಾಳ್ಮೆಯಿಂದ ನಡೆಯುವ, ಕೇಳಿಸಿಕೊಳ್ಳಲು ಸಿದ್ಧರಿರುವ ಆದರೆ ಹೊಸದರ ಬೆಲೆ ಕೊಡಲಾರದವರು ಧಾರಾಳವಾಗಿ ಕೊಳ್ಳಬಹುದು. ಹೊಲಗದ್ದೆಗಳ ಸಣ್ಣ ನಾಣ್ಯಗಳಿಗಾಗಿ ಹುಡುಕುವವರಿಗೆ ಬೇಡ. ಕೊಳ್ಳುವ ಮುನ್ನ ಬ್ಯಾಟರಿ ಪೆಟ್ಟಿಗೆಯ ಸಂಪರ್ಕಗಳಲ್ಲಿ ಹಸಿರು ಕಿಲುಬು ಹಿಡಿದಿದೆಯೇ ನೋಡಿ, ಕಾಯಿಲಿನ ತಂತಿಯನ್ನು ಕನೆಕ್ಟರ್ ಬಳಿ ಬಾಗಿಸಿ ಸದ್ದು ಕಡಿಯುತ್ತದೆಯೇ ಆಲಿಸಿ. ಸಾಧ್ಯವಾದರೆ ಮಾರುವವರನ್ನು ಸಮುದ್ರದಂಡೆಗೇ ಕರೆದೊಯ್ದು, ಅಲೆ ಹಿಂದೆ ಸರಿದ ಜಾಗದಲ್ಲಿ ಒಂದು ನಾಣ್ಯ ಹೂತಿಟ್ಟು ಪರೀಕ್ಷಿಸಿ. ಅಂಗಡಿಯ ಮೇಜಿನ ಮೇಲೆ ಎಲ್ಲ ಡಿಟೆಕ್ಟರ್‌ಗಳೂ ಚೆನ್ನಾಗಿಯೇ ಹಾಡುತ್ತವೆ.