ಗುಡ್ಡದ ಮೇಲೆ ಟವರ್ ಇದೆ, ನನ್ನ ಫೋನಿಗೆ ಸಿಗ್ನಲ್ ಇಲ್ಲ: ಎರಡೂವರೆ ವರ್ಷ ಬಳಸಿದ ಮೇಲೆ

2023ರ ಗೌರಿ ಹಬ್ಬಕ್ಕೆ ಕೊಂಡ ಫೋನು ಇದು. 4ಜಿ, 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್, ಬಣ್ಣ ಎದ್ದು ಕಾಣುವ ಅಮೋಲೆಡ್ ಡಿಸ್‌ಪ್ಲೇ, 5000 ಎಂಎಎಚ್ ಬ್ಯಾಟರಿ. ಕೊಟ್ಟದ್ದು 14,499 ರೂಪಾಯಿ. ಆ ಮಾಡೆಲ್ ಈಗ ಅಂಗಡಿಗಳಲ್ಲಿ ಸಿಗುತ್ತಿಲ್ಲ, ಹಾಗಾಗಿ ಕಂಪನಿಯ ಹೆಸರು ಬರೆದು ಯಾರಿಗೂ ಉಪಯೋಗವಿಲ್ಲ. ನಮ್ಮ ಹಾಗೆ ಟವರ್ ಸರಿಯಾಗಿ ಸಿಗದ ಊರಲ್ಲಿ ಇದ್ದು ಹತ್ತು ಹದಿನೈದು ಸಾವಿರದ ಫೋನು ಹುಡುಕುತ್ತಿರುವವರು ದುಡ್ಡು ಕೊಡುವ ಮುಂಚೆ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ, ಹೆಚ್ಚಾಗಿ ಬ್ಲೌಸು. ಗಿರಾಕಿಗಳು ಸೀರೆಯ ಫೋಟೋ, ಕುತ್ತಿಗೆಯ ಡಿಸೈನು ಎಲ್ಲ ವಾಟ್ಸಾಪಿನಲ್ಲೇ ಕಳಿಸುವುದು. ಆದ್ದರಿಂದ ಅಂಗಡಿಗೆ ಹೋದಾಗ ನಾನು ಮೊದಲು ನೋಡಿದ್ದು ಡಿಸ್‌ಪ್ಲೇ. ಅದೇ ಬೆಲೆಗೆ ಎರಡು ಫೋನು ಮುಂದಿಟ್ಟರು. ಒಂದು 5ಜಿ, ಅದರಲ್ಲಿ ಸಾಧಾರಣ ಎಲ್‌ಸಿಡಿ. ಇನ್ನೊಂದು 4ಜಿ, ಅದರಲ್ಲಿ ಅಮೋಲೆಡ್. ಅಂಗಡಿಯ ಹುಡುಗ, "ಅಕ್ಕಾ, ಈಗೆಲ್ಲ ಫೈವ್‌ಜೀನೇ ತಗೊಳ್ಳೋದು, ಸ್ಪೀಡು ಬರುತ್ತೆ" ಅಂದ. ಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್ಲಿಗೇ ಪರದಾಡುವವಳಿಗೆ 5ಜಿ ಸ್ಪೀಡು ಯಾತಕ್ಕೆ ಅನ್ನಿಸಿತು. 4ಜಿಯದನ್ನೇ ತಂದೆ.

ಡಿಸ್‌ಪ್ಲೇ ವಿಷಯದಲ್ಲಿ ಇವತ್ತಿಗೂ ನನಗೆ ಬೇಸರವಿಲ್ಲ. ಆದರೆ ಒಂದು ವಿಷಯ ತಿಳಿಯಲು ಮೂರು ತಿಂಗಳು ಬೇಕಾಯಿತು. ಒಬ್ಬರು ರಾಮ ಗ್ರೀನ್ ಸೀರೆಯ ಫೋಟೋ ಕಳಿಸಿ, ಲೈನಿಂಗ್ ಬಟ್ಟೆ ನೀವೇ ತನ್ನಿ ಅಂದಿದ್ದರು. ಫೋನಿನಲ್ಲಿ ಬಣ್ಣ ನೋಡಿಕೊಂಡು ಹೊಸನಗರದ ಅಂಗಡಿಯಲ್ಲಿ ಲೈನಿಂಗು, ದಾರದ ರೀಲು ಎರಡನ್ನೂ ತಂದೆ. ಸೀರೆ ಕೈಗೆ ಬಂದಾಗ ನೋಡಿದರೆ ನಾನು ತಂದದ್ದು ಗಿಣಿಹಸಿರಿನ ಹತ್ತಿರ ಇತ್ತು. ಈ ಫೋನುಗಳು ಡಬ್ಬಿಯಿಂದ ತೆಗೆದಾಗ 'ವಿವಿಡ್' ಮೋಡಿನಲ್ಲಿ ಇರುತ್ತವೆ, ಎಲ್ಲ ಬಣ್ಣವನ್ನೂ ಎತ್ತಿ ತೋರಿಸುತ್ತವೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 'ಸ್ಟ್ಯಾಂಡರ್ಡ್' ಅಥವಾ 'ನ್ಯಾಚುರಲ್' ಅಂತ ಇರುತ್ತದೆ, ಅದಕ್ಕೆ ಬದಲಿಸಿದ ಮೇಲೆ ಬಣ್ಣ ಸೀರೆಗೆ ಹತ್ತಿರ ಬಂತು. ಹೊಲಿಗೆಯವರು, ಸೀರೆ ವ್ಯಾಪಾರದವರು, ಬಣ್ಣ ನೋಡಿ ಕೆಲಸ ಮಾಡುವ ಯಾರೇ ಆದರೂ ಮೊದಲ ದಿನವೇ ಇದನ್ನು ಮಾಡಿಕೊಳ್ಳಿ.

ಬ್ಯಾಟರಿ ಮೊದಲ ವರ್ಷ ಒಂದೂವರೆ ದಿನ ಬರುತ್ತಿತ್ತು, ಈಗ ಸಂಜೆಯ ಹೊತ್ತಿಗೆ ಚಾರ್ಜಿಗೆ ಹಾಕಬೇಕು. ಸ್ಟೋರೇಜ್ ವಾಟ್ಸಾಪಿನ ಫೋಟೋಗಳಿಂದಲೇ ತುಂಬುತ್ತದೆ, ಆರು ತಿಂಗಳಿಗೊಮ್ಮೆ ಅಳಿಸಿದರೆ ಸಾಕು. ಕ್ಯಾಮೆರಾ ಹಗಲಲ್ಲಿ ಚೆನ್ನ, ಸಂಜೆ ಜಗಲಿಯಲ್ಲಿ ತೆಗೆದರೆ ಮಸುಕು. ಇವೆಲ್ಲ ಈ ಬೆಲೆಯ ಯಾವ ಫೋನಿನಲ್ಲೂ ಹೆಚ್ಚುಕಡಿಮೆ ಹೀಗೆಯೇ.

ಮಳೆಗಾಲದ ವಿಷಯ ಮಾತ್ರ ಸ್ವಲ್ಪ ಹೇಳಬೇಕು. ಮಳೆಗೇ ಹೆಸರಾದ ಹುಲಿಕಲ್ ನಮ್ಮದೇ ತಾಲ್ಲೂಕು, ಮಳೆ ಎಂಥದ್ದು ಅಂತ ಬೇರೆ ಹೇಳಬೇಕಿಲ್ಲ. ಜುಲೈ ಬಂತೆಂದರೆ ಗೋಡೆಯೇ ಬೆವರುತ್ತದೆ. ಚಾರ್ಜರ್ ಚುಚ್ಚಿದ ಕೂಡಲೇ 'ಪೋರ್ಟಿನಲ್ಲಿ ತೇವ ಇದೆ' ಅಂತ ಬಂದು ಚಾರ್ಜ್ ಆಗುವುದೇ ನಿಲ್ಲುತ್ತದೆ. ಅಂಥ ಹೊತ್ತಲ್ಲಿ ಬಚ್ಚಲೊಲೆಯ ಹತ್ತಿರ ಇಟ್ಟು ಒಣಗಿಸಲು ಹೋಗಬೇಡಿ, ಬಿಸಿಗೆ ಬ್ಯಾಟರಿ ಉಬ್ಬುತ್ತದೆ. ಪೋರ್ಟು ಕೆಳಮುಖ ಮಾಡಿ ಫ್ಯಾನಿನ ಗಾಳಿಗೆ ಒಂದು ಗಂಟೆ ಇಟ್ಟರೆ ಸರಿಹೋಗುತ್ತದೆ.

ಇನ್ನು ಈ ಫೋನಿನ ದೊಡ್ಡ ಕೊರತೆ. ಅದು ಗೊತ್ತಾದದ್ದು ಎರಡು ವರ್ಷ ಕಳೆದ ಮೇಲೆ.

ಟವರೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತ್ತು. ಕೆಲಸ ಬಿಎಸ್‌ಎನ್‌ಎಲ್‌ನದು. ಅದಕ್ಕೆ ಬಳಸಿದ್ದು ಇಲ್ಲೇ ತಯಾರಾದ ಉಪಕರಣ, ಟವರಿನ ರೇಡಿಯೋ ಭಾಗ ಮಾಡಿಕೊಟ್ಟದ್ದು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. 2025ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಉದ್ಘಾಟನೆಯಾಯಿತು. ನಮ್ಮ ಶಾಲೆಯ ಹಿಂದಿನ ಗುಡ್ಡದಲ್ಲೂ ಒಂದು ಟವರ್ ಎದ್ದಿತು. ಅಂಗಳದಲ್ಲಿ ನಿಂತರೆ ಅಡಿಕೆ ಮರಗಳ ಮೇಲೆ ಅದರ ತುದಿ ಕಾಣುತ್ತದೆ. ಆಸೆಯಿಂದ ಹೋಗಿ ಸಿಮ್ ತಂದು ಎರಡನೇ ಸ್ಲಾಟಿಗೆ ಹಾಕಿದೆ. ಒಂದು ಕಡ್ಡಿಯೂ ಬರಲಿಲ್ಲ. ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ, ಸಿಮ್ ತೆಗೆದು ಒರೆಸಿ ಹಾಕಿದೆ, ಬೇಲಿಯ ಗೇಟು, ಅಂದರೆ ದಣಪೆಯ ತನಕ ನಡೆದುಕೊಂಡು ಹೋದೆ, ಏನೂ ಇಲ್ಲ. ಅದೇ ಸಿಮ್ಮನ್ನು ನಮ್ಮ ಯಜಮಾನರ ಫೋನಿಗೆ ಹಾಕಿದರೆ ಅಡುಗೆಮನೆಯ ಒಳಗೇ ಮೂರು ಕಡ್ಡಿ! ಅವರದು 2024ರಲ್ಲಿ ತಂದ 5ಜಿ ಫೋನು, ನನ್ನದಕ್ಕಿಂತ 2,500 ರೂಪಾಯಿ ಕಡಿಮೆಯದು.

ಕಾರಣ ಹೇಳಿದ್ದು ಟವರ್ ಕೆಲಸಕ್ಕೆ ಬಂದಿದ್ದ ಹುಡುಗರು. ಟವರುಗಳು ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತವೆ, ಒಂದೊಂದಕ್ಕೂ ಒಂದು ಬ್ಯಾಂಡ್ ನಂಬರ್ ಇದೆ. ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ಮರ ಗೋಡೆ ದಾಟಿ ಒಳಗೆ ಬರುತ್ತದೆ. ಗುಡ್ಡ ಕಾಡಿನ ಊರುಗಳಿಗೆ 700 ಮೆಗಾಹರ್ಟ್ಸ್ ಹೇಳಿ ಮಾಡಿಸಿದ್ದು, ನಮ್ಮ ಗುಡ್ಡದ ಟವರಿನದೂ ಅದೇ. ಅದು ಬ್ಯಾಂಡ್ 28. ನನ್ನ ಫೋನಿನಲ್ಲಿ 1, 3, 5, 8, 40, 41 ಇವೆ, 28 ಇಲ್ಲ. ಎರಡೂವರೆ ವರ್ಷದ ಹಿಂದಿನ ಎಷ್ಟೋ 4ಜಿ ಫೋನುಗಳಲ್ಲಿ ಅದು ಇಲ್ಲವಂತೆ. 5ಜಿ ಫೋನುಗಳಲ್ಲಿ ಹಲವುಗಳಲ್ಲಿ ಇದೆ. ಇದನ್ನು ಸಾಫ್ಟ್‌ವೇರ್ ಅಪ್‌ಡೇಟಿನಿಂದ ಸೇರಿಸಲು ಬರುವುದಿಲ್ಲ. ಅಂಗಡಿಯ ಹುಡುಗ 5ಜಿ ತಗೊಳ್ಳಿ ಅಂದದ್ದು ಸರಿಯೇ ಇತ್ತು, ಅವನು ಕೊಟ್ಟ ಕಾರಣ ಮಾತ್ರ ಬೇರೆ. ಬ್ಯಾಂಡಿನ ಪಟ್ಟಿ ಡಬ್ಬಿಯ ಮೇಲೆ ಇರುವುದಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿನ ವಿವರದ ಕೊನೆಯಲ್ಲಿ, 'ನೆಟ್‌ವರ್ಕ್' ಅನ್ನುವ ಕಡೆ ಇರುತ್ತದೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ನೋಡುವ ಮುಂಚೆ ಅದನ್ನು ನೋಡಿ.

ಹಾಗಂತ ಮನೆಯೊಳಗೆ ಮಾತಾಡಲು ನನಗೆ ತೊಂದರೆಯಿಲ್ಲ, ಅದಕ್ಕೆ ವೈಫೈ ಕಾಲಿಂಗ್ ಕಾರಣ. ಊರಿಗೆ ಫೈಬರ್ ಬಂದದ್ದು 2024ರ ಬೇಸಿಗೆಯಲ್ಲಿ. ತಿಂಗಳಿಗೆ 449, ಜಿಎಸ್‌ಟಿ ಸೇರಿದರೆ 530 ರೂಪಾಯಿ. ಸಿಮ್ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಟವರ್ ಇಲ್ಲದಿದ್ದರೂ ನಮ್ಮದೇ ನಂಬರಿಗೆ ಕರೆ ಬರುತ್ತದೆ, ಹೋಗುತ್ತದೆ. ವಾಟ್ಸಾಪ್ ಕಾಲ್ ಅಲ್ಲ, ಮಾಮೂಲಿ ಕರೆಯೇ. ನನಗೆ ಬ್ಯಾಂಕಿನ ಒಟಿಪಿಯೂ ಹೀಗೇ ಬರುತ್ತಿದೆ. ಏರ್‌ಟೆಲ್ 2019ರ ಡಿಸೆಂಬರಿನಿಂದ, ಜಿಯೋ 2020ರ ಜನವರಿಯಿಂದ ಇದನ್ನು ಕೊಡುತ್ತಿವೆ, ಬೇರೆ ದುಡ್ಡಿಲ್ಲ. ಫೈಬರ್ ಬರುವ ಮೊದಲು ಗಿರಾಕಿಗಳ ಹತ್ತಿರ ಮಾತಾಡಬೇಕಾದರೆ ಕೊಡೆ ಹಿಡಿದು ದಣಪೆಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಕರೆಂಟು ಹೋದಾಗ ಮೋಡೆಮ್ ಆರಬಾರದು ಅಂತ ಒಂದು ಮಿನಿ ಯುಪಿಎಸ್ ತಂದಿಟ್ಟಿದ್ದೇವೆ. ನಮ್ಮಂಥ ಊರಲ್ಲಿ ಅದನ್ನು ಫೈಬರಿನ ಖರ್ಚಿನಲ್ಲೇ ಸೇರಿಸಿ ಲೆಕ್ಕ ಹಾಕಿ.

ಈಗ ರೀಚಾರ್ಜಿನ ವಿಷಯ. ಎರಡೂವರೆ ವರ್ಷದಲ್ಲಿ ಫೋನಿಗಿಂತ ಹೆಚ್ಚು ದುಡ್ಡು ಹೋದದ್ದು ಇದಕ್ಕೆ.

ನಮ್ಮ ಅತ್ತೆಯ ಹತ್ತಿರ ಇರುವುದು ಕೀಪ್ಯಾಡ್ ಫೋನು. ಜಗಲಿಯ ಮೂಲೆಯಲ್ಲಿ ಅದಕ್ಕೆ 2ಜಿ ಸಿಗುತ್ತದೆ, ಅವರಿಗೆ ಅಷ್ಟು ಸಾಕು. ಮೊದಲೆಲ್ಲ 10 ರೂಪಾಯಿ ಕರೆನ್ಸಿ ಹಾಕಿಸಿದರೆ ಅದು ಮುಗಿದ ಮೇಲೂ ಇನ್‌ಕಮಿಂಗ್ ಬರುತ್ತಿತ್ತು. 2018ರ ಕೊನೆಗೆ ತಿಂಗಳಿಗೆ ಕನಿಷ್ಠ 35 ರೂಪಾಯಿ ಹಾಕಿಸಲೇಬೇಕು ಅಂತ ಶುರುವಾಯಿತು. ಆಮೇಲೆ ಏರುತ್ತ ಏರುತ್ತ 28 ದಿನಕ್ಕೆ 179, 2024ರ ಜುಲೈಯಲ್ಲಿ 199. ಅದರ ಜೊತೆ 2 ಜಿಬಿ ಡೇಟಾ ಬೇರೆ. ಕೀಪ್ಯಾಡ್ ಫೋನಿನಲ್ಲಿ ಡೇಟಾ ತಗೊಂಡು ಅವರು ಏನು ಮಾಡಬೇಕು?

ಆ ವರ್ಷ ಆಗಸ್ಟಿನಲ್ಲಿ ಹೊಲಿಗೆಯ ಗಡಿಬಿಡಿಯಲ್ಲಿ ನಾನು ರೀಚಾರ್ಜ್ ಮಾಡುವುದು ತಪ್ಪಿಹೋಯಿತು. ಅತ್ತೆ ಮೂರು ದಿನ ಫೋನನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು. "ಯಾರದ್ದೂ ಫೋನೇ ಇಲ್ಲ ಮಾರಾಯ್ತಿ, ಇದು ಹಾಳಾಗಿದೆ ಕಾಣುತ್ತೆ" ಅಂದರು. ನಾಲ್ಕನೇ ದಿನ ತೀರ್ಥಹಳ್ಳಿಯಿಂದ ಅವರ ತಮ್ಮನ ಮಗ ಬೈಕಿನಲ್ಲಿ ಬಂದ. ತಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದರು, ಎಷ್ಟು ಸಲ ಮಾಡಿದರೂ ಕರೆ ಹೋಗಿರಲಿಲ್ಲ. ನನ್ನ ನಂಬರ್ ಅವರ ಹತ್ತಿರ ಇರಲಿಲ್ಲ. ಹುಷಾರಾಗಿ ಮನೆಗೆ ಬಂದರು ಅನ್ನುವುದೊಂದು ಸಮಾಧಾನ. ಆದರೆ ವ್ಯಾಲಿಡಿಟಿ ಮುಗಿದ ಮೇಲೆ ಬರುವ ಕರೆಯನ್ನೂ ನಿಲ್ಲಿಸುವ ಈ ಪದ್ಧತಿ ವಯಸ್ಸಾದವರ ಮಟ್ಟಿಗೆ ಅನ್ಯಾಯ ಅಂತಲೇ ಇವತ್ತಿಗೂ ನನ್ನ ಅಭಿಪ್ರಾಯ.

ಡೇಟಾ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನು ಬೇರೆಯಾಗಿ ಕೊಡಲೇಬೇಕು ಅಂತ 2024ರ ಡಿಸೆಂಬರಿನಲ್ಲಿ ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಟ್ರಾಯ್ ನಿಯಮ ಮಾಡಿತು. 2025ರ ಜನವರಿಯಲ್ಲಿ ಪ್ಯಾಕುಗಳು ಬಂದವು. ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ವರ್ಷಕ್ಕೆ 1,849 ಇತ್ತು. ಜಿಯೋದಲ್ಲಿ 84 ದಿನಕ್ಕೆ 448, ದೊಡ್ಡದು 1,748, ಆದರೆ ಅದು 336 ದಿನದ್ದು. ಹೋಲಿಸುವಾಗ ಬೆಲೆಯನ್ನು ದಿನಕ್ಕೆ ಭಾಗಿಸಿಯೇ ನೋಡಿ. ಅತ್ತೆಗೆ 1,849ರದ್ದು ಹಾಕಿಸಿದೆ. ಅಂಗಡಿಯಲ್ಲಿ ಅಂಥದ್ದೊಂದು ಇದೆ ಅಂತ ಅವರಾಗಿ ಹೇಳಲಿಲ್ಲ, ನಾನೇ ಕೇಳಿ ಹಾಕಿಸಿಕೊಂಡದ್ದು. 30 ದಿನದ ಪ್ಯಾಕ್, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕ್ ಒಂದಾದರೂ ಇರಬೇಕು ಅಂತ 2022ರಲ್ಲೇ ಟ್ರಾಯ್ ಹೇಳಿದೆ. ಅದನ್ನೂ ಕೇಳಿದರೆ ಮಾತ್ರ ತೋರಿಸುತ್ತಾರೆ.

ನನ್ನದಕ್ಕೂ ಹೀಗೇ ಮಾಡಿದೆ. ನನ್ನದೂ ಏರ್‌ಟೆಲ್ಲೇ, ದಿನಕ್ಕೆ 1 ಜಿಬಿಯ ಪ್ಯಾಕ್ 265 ಇದ್ದದ್ದು 299 ಆಗಿತ್ತು. 28 ದಿನ ಅಂದರೆ ವರ್ಷಕ್ಕೆ 13 ಸಲ, 3,887 ರೂಪಾಯಿ. ಫೋನಿನ ಸೆಟ್ಟಿಂಗಿನಲ್ಲಿ 'ಡೇಟಾ ಬಳಕೆ' ತೆಗೆದು ನೋಡಿದೆ. 28 ಜಿಬಿ ಕೊಂಡು ನಾನು ಮೊಬೈಲ್ ಡೇಟಾ ಬಳಸಿದ್ದು 3 ಜಿಬಿಗೂ ಕಡಿಮೆ, ಉಳಿದದ್ದೆಲ್ಲ ಮನೆಯ ವೈಫೈ. ಕರೆ ಮಾತ್ರದ ವರ್ಷದ ಪ್ಯಾಕಿಗೆ ಬದಲಿಸಿದೆ. ಇದರ ತೊಂದರೆ ಸಂತೆಯ ದಿನ ಗೊತ್ತಾಗುತ್ತದೆ. ಡೇಟಾ ಇಲ್ಲದೆ ಫೋನ್‌ಪೇ ನಡೆಯುವುದಿಲ್ಲ. ಒಬ್ಬಳೇ ಹೋಗುವಾಗ ಪರ್ಸಿನಲ್ಲಿ ನೋಟು ಇಟ್ಟುಕೊಂಡೇ ಹೊರಡುತ್ತೇನೆ, ಯಜಮಾನರು ಜೊತೆಗಿದ್ದರೆ ಅವರ ಹಾಟ್‌ಸ್ಪಾಟ್. ಅವರು ಅಡಿಕೆ ವ್ಯಾಪಾರಕ್ಕೆ ಓಡಾಡುವವರು, ಅವರ 299ರ ಪ್ಯಾಕನ್ನು ಮುಟ್ಟಲಿಲ್ಲ.

ಲೆಕ್ಕ ಕೇಳುವವರಿಗೆ ಸರಿಯಾಗಿಯೇ ಹೇಳುತ್ತೇನೆ. ಏನೂ ಬದಲಿಸದಿದ್ದರೆ ಮೂರು ಸಿಮ್ಮಿಗೆ ವರ್ಷಕ್ಕೆ 10,361 ರೂಪಾಯಿ ಆಗುತ್ತಿತ್ತು. ಈಗ ಸಿಮ್ಮಿಗೆ 7,585, ಫೈಬರಿಗೆ 6,358, ಒಟ್ಟು 13,943. ಅಂದರೆ ಖರ್ಚು ಕಡಿಮೆಯಾಗಲಿಲ್ಲ, ತಿಂಗಳಿಗೆ ಸುಮಾರು 300 ಹೆಚ್ಚೇ ಆಯಿತು. ಆದರೆ ಮೊದಲು ದುಡ್ಡು ಕೊಟ್ಟೂ ಮಾತಾಡಲು ಮಳೆಯಲ್ಲಿ ನಿಲ್ಲಬೇಕಿತ್ತು. ಈಗ ಮೆಷಿನ್ನಿನ ಮುಂದೆ ಕೂತೇ ಅಳತೆ ಕೇಳುತ್ತೇನೆ, ಮಗ ಅಲ್ಲೇ ಪಕ್ಕದಲ್ಲಿ ಕೂತು ಓದಿಕೊಳ್ಳುತ್ತಾನೆ. ಫೈಬರ್ ಇಲ್ಲದ ಮನೆಯವರು ನಾನು ಮಾಡಿದ ಹಾಗೆ ಪ್ಯಾಕ್ ಇಳಿಸಬೇಡಿ, ನಿಮಗೆ ಅದು ಹೊಂದುವುದಿಲ್ಲ.

ಕಂಪನಿ ಬದಲಿಸುವ ಯೋಚನೆ ಇದ್ದರೆ, ನಂಬರ್ ಪೋರ್ಟ್ ಮಾಡುವ ಮುಂಚೆ ಆ ಕಂಪನಿಯ ಸಿಮ್ ಇರುವ ಯಾರಾದರೂ ನೆಂಟರನ್ನು ಮನೆಗೆ ಕರೆದು, ಅವರ ಫೋನಿನಲ್ಲಲ್ಲ, ನಿಮ್ಮ ಫೋನಿನಲ್ಲೇ ಆ ಸಿಮ್ ಹಾಕಿ ನೋಡಿ. ಒಮ್ಮೆ ಪೋರ್ಟ್ ಆದರೆ 90 ದಿನ ಹಿಂದೆ ಬರಲು ಆಗುವುದಿಲ್ಲ. ನಾನು ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಮಾಡದೆ ಹೊಸ ಸಿಮ್ ತಂದು ನೋಡಿದ್ದರಿಂದ ಹಳೆಯ ನಂಬರ್ ಉಳಿಯಿತು. ಆ ಸಿಮ್ ಈಗ ಯಜಮಾನರ ಫೋನಿನಲ್ಲೇ ಇದೆ.

ಫೋನನ್ನು ಸದ್ಯಕ್ಕೆ ಬದಲಿಸುತ್ತಿಲ್ಲ. ಶಿವಮೊಗ್ಗದ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಹೊಸದು ಹಾಕಿಸಿ ಇನ್ನೊಂದು ವರ್ಷ ಓಡಿಸುತ್ತೇನೆ. ಮುಂದಿನದಕ್ಕೆ ಬೇಕಾದದ್ದನ್ನು ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ: ಬ್ಯಾಂಡ್ 28, 5, 8, 3, 1, 40, ವೈಫೈ ಕಾಲಿಂಗ್, ಬಣ್ಣ ಸರಿಯಾಗಿ ತೋರಿಸುವ ಡಿಸ್‌ಪ್ಲೇ. ಅದರ ಕೆಳಗೆ, ಕೆಂಪು ಶಾಯಿಯಲ್ಲಿ, ಅತ್ತೆಯ ಪ್ಯಾಕ್ ಮುಗಿಯುವ ತಾರೀಖು.